ಶಿವಗಂಗವ್ವ ಹಚ್ಚಿದ ಮದರಂಗಿ ಬೇಲಿ

ಬನಹಟ್ಟಿಯ ನಮ್ಮ ಓಣಿಯಲ್ಲಿ ಕೋಳಿಗಿಂತ ಮೊದಲು ಶಿವಗಂಗವ್ವನ ರಾಟಿ ಕೂಗುತ್ತದೆ. ಗಂಡ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಕಟ್ಟೆಯ ಮೇಲೆ ಕೂತು, ನೇಕಾರರ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟೇ ಹೊಟ್ಟೆ ಹೊರೆದವಳು. ಬಾಯಿ ಜೋರು, ಕರುಳು ಮೆತ್ತಗೆ. ಪಕ್ಕದ ಮನೆಯ ಕಾಂಚನಾಳನ್ನು ಒಡಹುಟ್ಟಿದ ತಂಗಿಯೆಂದೇ ತಿಳಿದಿದ್ದಳು. ಕಾಂಚನಾ ಮಗ್ಗಕ್ಕೆ ಕೂತಾಗ ಅವಳ ಮಗಳು ಶೀತಲ್ ಬೆಳೆದದ್ದೆಲ್ಲ ಇವಳ ತೊಡೆಯ ಮೇಲೆ. ಆ ಹುಡುಗಿ ಮದುಮಗಳಾಗಿ ಹೊಸ್ತಿಲು ದಾಟುವುದನ್ನು ಕಣ್ತುಂಬ ನೋಡಬೇಕು, ಇಷ್ಟೇ ಅವಳ ಆಸೆ.

ಎರಡೂ ಮನೆಯ ಕಟ್ಟೆಗಳ ನಡುವೆ ಎರಡು ಗೇಣಿನ ಸಂದು. ಹೋದ ವರ್ಷ ಮಳೆಗಾಲ ಹಿಡಿಯುವ ಮುಂಚೆ ಕಾಂಚನಾ ಬಂದಳು.

"ಅಕ್ಕಾ, ಸಂದಿನ್ಯಾಗ ಹಂದಿ ನುಗ್ಗಿ ಹೊಲಸು ಮಾಡಾಕತ್ತಾವು. ಒಂದು ಬೇಲಿ ಹಚ್ಚಿ ಎತ್ತರ ಬೆಳಸು. ನಿನ್ನ ಕೈಗುಣ ಛಲೋ ಐತಿ."

ಹಂದಿ ತಡೆಯಲು ಆಳೆತ್ತರದ ಬೇಲಿ ಯಾಕೆ ಬೇಕು ಎಂದು ಈ ಪುಣ್ಯಾತ್ಗಿತ್ತಿ ಕೇಳಲಿಲ್ಲ!

"ಮದರಂಗಿ ಹಚ್ಚತೇನಿ ತಗೋ. ಶೀತಲ್ ಲಗ್ನಕ್ಕೂ ಆತು," ಎಂದಳು. ಹಾರೆ ಹಿಡಿದು ಸಂದಿನ ಕಲ್ಲು, ಗಚ್ಚು ಕಿತ್ತಳು. ಬುಟ್ಟಿಗಟ್ಟಲೆ ಮಣ್ಣು, ಗೊಬ್ಬರ ಹೊತ್ತು ತುಂಬಿದಳು. ತವರೂರು ಹುನ್ನೂರಿನಿಂದ ಕಡ್ಡಿ ತಂದು ಒಂದೇ ಸಾಲಿನಲ್ಲಿ ಊರಿದಳು. ಜಾಗ ಇಕ್ಕಟ್ಟು, ಪಕ್ಕಕ್ಕೆ ಬಂದ ಕವಲನ್ನೆಲ್ಲ ಸವರಿ ಮೇಲಕ್ಕೇ ಬೆಳೆಯಲು ಬಿಟ್ಟಳು.

ಎರಡು ಮಳೆಗಾಲಕ್ಕೆ ಬೇಲಿ ಆಳೆತ್ತರವಾಯಿತು. ಶೀತಲ್‌ಗೆ ಮುಧೋಳದ ಗಂಡು ಗೊತ್ತಾಯಿತು. ಮದುವೆಯ ಹಿಂದಿನ ದಿನ ಶಿವಗಂಗವ್ವ ಈಚೆ ನಿಂತು ಮದುಮಗಳಿಗೆಂದು ಎಲೆ ಬಿಡಿಸುತ್ತಿದ್ದಳು. ಬೇಲಿಯಾಚೆ ಕಾಂಚನಾ, ಮದುವೆಗೆ ಬಂದ ತನ್ನ ಕಡೆಯ ನೆಂಟರ ಹೆಣ್ಣುಮಗಳಿಗೆ ಹೇಳುತ್ತಿದ್ದಳು:

"ಈ ಬೇಲಿ ಆದಮ್ಯಾಲ ಚಿಂತಿ ಹೋತು ನೋಡ್ರಿ. ಮುಂಜಾನೆದ್ದು ಬಾಗಲಾ ತಗದ್ರ ಆ ಗಂಡ ಸತ್ತಾಕಿ ಮಾರಿನs ಕಾಣತಿತ್ತು. ಅದಕ್ಕs ಮೊದಲಿನ ಎರಡು ಸಂಬಂಧ ಮುರದೂ."

ಶಿವಗಂಗವ್ವ ಎದುರು ಮನೆಯ ನನ್ನ ಹತ್ತಿರ ಬಂದು ಕೂತಳು.

"ನನ್ನ ಕೈಲೇ ಹಚ್ಚಿಸಿದಳಲ್ಲ ಬೇ! ಬಾಯಿಬಿಟ್ಟು ಅಂದಿದ್ರ ನಾನs ಒಳಗ ಕುಂದರತಿದ್ದೆ."

ನನಗೆ ಮೈಯೆಲ್ಲ ಉರಿಯಿತು. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ. "ಆ ಎಲಿ ತಿಪ್ಪಿಗೆ ಚೆಲ್ಲು," ಎಂದೆ.

"ಕೂಸು ಏನ್ ಮಾಡೇತಿ? ಆಕಿ ನನ್ನ ತೊಡಿ ಮ್ಯಾಲ ಬೆಳದಾಕಿ," ಎಂದು ಕಣ್ಣೊರೆಸಿಕೊಂಡು ಬುಟ್ಟಿ ತುಂಬ ಎಲೆ ಕಳಿಸಿದಳು. ಆಮೇಲೆ "ಆಕಿ ಹೊಸ್ತಿಲಾ ದಾಟೂದು ನಾ ನೋಡಾಕs ಬೇಕು," ಎಂದು ಕುಡುಗೋಲು ತಂದು ಇಡೀ ಬೇಲಿಯನ್ನು ಕಟ್ಟೆಯ ಮಟ್ಟಕ್ಕೆ ಸವರಿಬಿಟ್ಟಳು.

ಮರುದಿನ ಮುಂಜಾನೆ ರಾಟಿ ಮುಂದಿಟ್ಟುಕೊಂಡು ಕಟ್ಟೆಯ ಮೇಲೆಯೇ ಕೂತಳು. ಶೀತಲ್ ಬಾಸಿಂಗ ಕಟ್ಟಿಕೊಂಡು ಹೊಸ್ತಿಲು ದಾಟಿದಳು. "ಶೀತಲಾ!" ಎಂದು ಶಿವಗಂಗವ್ವ ಎದ್ದು ನಿಂತಳು. ಹುಡುಗಿ ಈ ಕಡೆ ಹೊರಳಿದವಳೇ, ದೊಡ್ಡವ್ವನ ಮುಖ ಕಾಣಬಾರದೆಂದು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು. ಆ ಕೈಗಳಿಗೆ ಮದರಂಗಿ ಕೆಂಪಗೆ ಹತ್ತಿತ್ತು.