ಬೆಕ್ಕಿಗೆ ಸೂಜಿ ಚುಚ್ಚಿದ ಕೈ

ನನ್ನದು ಕೈ ಮುಂದು. ಇದನ್ನು ಮುಚ್ಚಿಟ್ಟು ಬೆಕ್ಕಿನ ಕತೆ ಹೇಳಲಾಗುವುದಿಲ್ಲ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಸಿಟ್ಟು ಬಂದರೆ ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ತನ್ನ ಕೆಲಸ ಮುಗಿಸಿರುತ್ತಿತ್ತು. ಕೊಳ್ಳೇಗಾಲದ ತವರಿನಲ್ಲಿ ನನ್ನಮ್ಮ ನನ್ನನ್ನು ಕೈಗೆ ಸಿಕ್ಕಿದ್ದರಲ್ಲಿ ಹೊಡೆದೇ ಬೆಳೆಸಿದ್ದಳು. ಮದುವೆಯಾಗಿ ತಮಿಳು ಸೀಮೆಯ ಸೂಲೂರಿನ ಪಕ್ಕದ ನೇಕಾರರ ಬೀದಿಗೆ ಬಂದಾಗ, ಪಾತ್ರೆಪಗಡದ ಜೊತೆ ಆ ಕೈಯನ್ನೂ ತಂದೆ. ಮಗಳಿಗೆ ಒಂಬತ್ತು ವರ್ಷವಾಗುವ ಹೊತ್ತಿಗೆ ಆ ಮನೆಯಲ್ಲಿ ನನ್ನ ಏಟು ತಿನ್ನದೆ ಉಳಿದವರು ಇಬ್ಬರೇ. ಒಬ್ಬರು ಅತ್ತೆ, ಅವರಿಗೆ ವಯಸ್ಸಾಗಿತ್ತು, ಸಾಲದ್ದಕ್ಕೆ ಸಕ್ಕರೆ ವ್ಯಾಧಿ. ಇನ್ನೊಬ್ಬರು ನಮ್ಮನೆಯವರು. ನಾನು ಸಿಡುಕಿದೊಡನೆ ಅವರು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಲಾಳಿ ಓಡಿಸತೊಡಗುತ್ತಿದ್ದರು. ಆ ಸದ್ದಿನಲ್ಲಿ ನನ್ನ ಬೈಗುಳ ಅವರಿಗೆ ಕೇಳುತ್ತಿರಲಿಲ್ಲ, ಅಥವಾ ಕೇಳದವರ ಹಾಗೆ ಇರಲು ಅನುಕೂಲವಾಗುತ್ತಿತ್ತು.

ಎಂಬತ್ತರ ದಶಕದ ನಡುವಿನ ಮಾತಿದು. ಗಂಜಿ ಹಾಕಿದ ನೂಲೆಂದರೆ ಇಲಿಗಳಿಗೆ ಹಬ್ಬ, ಹಾಗಾಗಿ ನಮ್ಮ ಬೀದಿಯ ಪ್ರತಿ ಮನೆಯಲ್ಲೂ ಬೆಕ್ಕಿತ್ತು. ನಮ್ಮದು ಕಂದು ಬಣ್ಣದ ದೊಡ್ಡ ಗಂಡು ಬೆಕ್ಕು, ಬೀದಿಗೇ ರೌಡಿ. ಒಂದು ಕಿವಿ ಅರ್ಧ ಹರಿದಿತ್ತು. ಅದು ಇಲಿಯನ್ನು ಹಿಡಿದರೆ ತಕ್ಷಣ ಕೊಲ್ಲುತ್ತಿರಲಿಲ್ಲ. ಬೆನ್ನು ಮುರಿದು, ಬಿಟ್ಟು, ಅದು ತೆವಳುವುದನ್ನು ನೋಡಿ, ಮತ್ತೆ ಹಿಡಿಯುತ್ತಿತ್ತು. ಬೆಳಗ್ಗೆ ಎದ್ದರೆ ಮಗ್ಗದ ಪಕ್ಕ ಬರೀ ತಲೆಗಳು. ನನಗೆ ಅದರ ಮೇಲೆ ಒಂದು ಬಗೆಯ ಗೌರವವೇ ಇತ್ತು. ಮಗಳಿಗೆ ಮಾತ್ರ ಅದು ಕೂಸು. ಅತ್ತೆಗೂ ಅಷ್ಟೆ. ತಾವು ಕುಡಿಯುವಂತಿಲ್ಲದ ಬೆಲ್ಲದ ಹಾಲನ್ನು ದಿನಾ ಅದಕ್ಕೆ ಹಾಕಿ, "ನಾನಂತೂ ಕುಡಿಯಂಗಿಲ್ಲ, ನೀನಾದ್ರೂ ಕುಡೀ ನನ್ನ ಕಣ್ಣು" ಎಂದು ಎದುರು ಕೂತು ನೋಡುತ್ತಿದ್ದರು.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಬೆಕ್ಕು ಇಲಿ ಹಿಡಿಯುವುದನ್ನು ಬಿಟ್ಟಿತು. ಹೊಟ್ಟೆಬಾಕನ ಹಾಗೆ ತಿನ್ನುತ್ತಿತ್ತು, ಆದರೆ ಬೆನ್ನೆಲುಬು ಎದ್ದು ಕಾಣುತ್ತಿತ್ತು. ನೀರು ಕಂಡಲ್ಲಿ ಬಾಯಿ ಹಾಕುತ್ತಿತ್ತು: ಗಂಜಿಯ ತೊಟ್ಟಿ, ಬಚ್ಚಲ ಬಕೆಟ್ಟು, ಕಾಲು ತೊಳೆದ ಚೊಂಬು. ಕುಡಿದದ್ದನ್ನೆಲ್ಲ ತಂದು ಮಗ್ಗದ ಗುಂಡಿಯಲ್ಲಿ ಸುರಿಯುತ್ತಿತ್ತು. ನಮ್ಮನೆಯವರು ಬೆಳಗ್ಗೆ ಕಾಲು ಇಳಿಬಿಟ್ಟರೆ ಕೆಳಗೆ ಒದ್ದೆ. ಅವರು ಅದರ ಮೇಲೆ ಮಣ್ಣು ಹಾಕುತ್ತಿದ್ದರು. ನಾನು ಬೆಕ್ಕನ್ನು ಕತ್ತು ಹಿಡಿದು ಮೂಗನ್ನು ಆ ಒದ್ದೆಗೆ ತಿಕ್ಕಿ, ಬಾಗಿಲಾಚೆ ಎಸೆಯುತ್ತಿದ್ದೆ. ಒಮ್ಮೆ ಗೋಡೆಗೆ ಎಸೆದೆ. ಅದು ಬಿದ್ದು, ಎದ್ದು, ನನ್ನನ್ನು ನೋಡಿ, ನೇರವಾಗಿ ನೀರಿನ ಬಕೆಟ್ಟಿಗೇ ಹೋಯಿತು.

ಮುಗಿಯಲು ಒಂದು ಮೊಳ ಬಾಕಿಯಿದ್ದ ಸೀರೆಯ ಮೇಲೆ ಅದು ಉಚ್ಚೆ ಹೊಯ್ದ ಬೆಳಗ್ಗೆ ನನ್ನ ಪಿತ್ತ ನೆತ್ತಿಗೇರಿತು. ಹತ್ತಿರದಲ್ಲಿ ಬಿದಿರಿನ ಕೋಲಿತ್ತು. ಮೊದಲ ಏಟು ಪಕ್ಕೆಗೆ ಬಿತ್ತು. ಒಣ ಕಡ್ಡಿ ಮುರಿದಂಥ ಸದ್ದು ನನಗೆ ಕೇಳಿಸಿತು. ಎರಡನೆಯದಕ್ಕೆ ಅದು ಮಗ್ಗದ ಕಂಬಕ್ಕೂ ಗೋಡೆಗೂ ನಡುವೆ ಸಿಕ್ಕಿಕೊಂಡಿತು. ಮೂರನೆಯದು ಬೀಳುವಾಗ ಮಗಳು ಅಡ್ಡ ಬಂದಳು. ಅಳು ಬಂದರೆ ಅವಳ ಬಾಯಲ್ಲಿ ಬೀದಿಯ ತಮಿಳೇ ಬರುತ್ತಿತ್ತು. "ಪೋದುಮ್ಮಾ, ಪೋದುಂ," ಸಾಕು ಸಾಕು ಎಂದು ಕೂಗುತ್ತಲೇ ಕೈ ಚಾಚಿದಳು. ಕೋಲು ಅವಳ ಮಣಿಕಟ್ಟಿನ ಮೇಲೆ ಬಿತ್ತು.

ಆಗ ನಿಲ್ಲಿಸಿದೆ ಎಂದು ಬರೆಯಲು ಆಸೆಯಾಗುತ್ತದೆ. ನಿಲ್ಲಿಸಲಿಲ್ಲ. ಅವಳನ್ನು ಪಕ್ಕಕ್ಕೆ ತಳ್ಳಿ ಇನ್ನೂ ಒಂದು ಕೊಟ್ಟೆ. ಆಮೇಲೆ ಕೋಲು ಬಿಸಾಡಿ ಸುಣ್ಣ ಅರಿಶಿನ ಕಲಸಿ ಮಗಳ ಕೈಗೆ ಹಚ್ಚಿದೆ. ಹಚ್ಚುವಾಗಲೂ ಬೈಯುತ್ತಲೇ ಇದ್ದೆ.

ಮಾರನೆಯ ದಿನ ಅತ್ತೆ ಗುಂಡಿಯ ಅಂಚಿನಲ್ಲಿ ಕೂತು ಬಗ್ಗಿ ನೋಡುತ್ತಿದ್ದರು. ಹೊಸ್ತಿಲಿಂದ ಗುಂಡಿಯವರೆಗೆ ಇರುವೆಗಳ ಸಾಲು ಹತ್ತಿತ್ತು.

"ಏನೇ, ಇಲ್ಲಿ ಬೆಲ್ಲ ಏನಾದ್ರೂ ಬಿದ್ದೈತಾ?"

"ಬೆಲ್ಲ ಎಲ್ಲಿಂದ ಬರಬೇಕು ಅತ್ತೆ? ನಿಮ್ಮ ಮುದ್ದಿನ ಮೊಮ್ಮಗ ಹೊಯ್ದಿರೋದು."

ಅತ್ತೆ ನಗಲಿಲ್ಲ. "ನನಗೂ ಮೊದಲು ಹಿಂಗೇ ಅಲ್ಲವಾ ಗೊತ್ತಾಗಿದ್ದು? ಬಚ್ಚಲಾಗೆ ಇರುವೆ ಬಂದು. ಪಾವಂ, ಪಾಪ ಕಣೇ, ಅದುಕ್ಕೂ ನನ್ನ ವ್ಯಾಧಿನೇ ಬಂದೈತೆ. ಅದುನ್ನ ನೀನು ಹೊಡೆದ್ಯಲ್ಲೇ."

ಬೆಕ್ಕಿಗೆ ಸಕ್ಕರೆ ವ್ಯಾಧಿಯೇ ಎಂದು ನಾನು ನಕ್ಕೆ. ಅತ್ತೆ ಜಗ್ಗಲಿಲ್ಲ. ನಮ್ಮನೆಯವರನ್ನು ಗುಂಡಿಯ ಬಳಿ ಸೌಟು ಹಿಡಿಸಿ ಕೂರಿಸಿದರು. ಅರ್ಧ ಬೆಳಗು ಕಾದು, ಪರಚಿಸಿಕೊಂಡು, ಕೊನೆಗೆ ಆ ಸಾಧು ಮನುಷ್ಯ ಬೇಕಾದ್ದನ್ನು ಹಿಡಿದು ತಂದರು. ಅತ್ತೆ ತಮ್ಮ ಗಾಜಿನ ನಳಿಗೆಯಲ್ಲಿ ಆಸ್ಪತ್ರೆಯವರು ಕೊಟ್ಟ ನೀಲಿ ನೀರು ತೆಗೆದುಕೊಂಡು, ಬೆಕ್ಕಿನ ಉಚ್ಚೆಯ ಎಂಟು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ಸಕ್ಕರೆ ಇಲ್ಲದಿದ್ದರೆ ನೀಲಿಯೇ ಉಳಿಯಬೇಕು. ಅದು ಹಸಿರಾಯಿತು, ಹಳದಿಯಾಯಿತು, ನಾವು ನೋಡುತ್ತಿದ್ದಂತೆ ಸುಟ್ಟ ಇಟ್ಟಿಗೆಯ ಕೆಂಪಾಯಿತು. ಅತ್ತೆಯದು ಕೂಡ ಎಂದೂ ಅಷ್ಟು ಕೆಂಪಾಗಿರಲಿಲ್ಲ. ನನ್ನ ನಗು ಅಲ್ಲಿಗೆ ನಿಂತಿತು.

ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿಕೊಂಡು ನಾನೂ ಮಗಳೂ ಬಸ್ಸಿನಲ್ಲಿ ದನದಾಸ್ಪತ್ರೆಗೆ ಹೋದೆವು. ಡಾಕ್ಟರು ಕಾಂಗೇಯಂ ಹೋರಿಗಳ ಕೊಂಬು ಹಿಡಿದು ಪಳಗಿದವರು. ಬೆಕ್ಕು ಅವರ ಮೊಣಕೈ ಸೀಳಿತು, ಅವರು ಅದನ್ನು ಒಂದೇ ಅಂಗೈಯಲ್ಲಿ ಮೇಜಿಗೆ ಒತ್ತಿ ಹಿಡಿದರು. ರಕ್ತ ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು, ಅವರು ಒರೆಸಿಕೊಳ್ಳಲೂ ಇಲ್ಲ. ಎರಡೇ ದಾರಿ ಎಂದರು. ಒಂದು, ಈಗಲೇ ಸೂಜಿ ಹಾಕಿ ಮುಗಿಸಿಬಿಡುವುದು. ಇನ್ನೊಂದು, ಅತ್ತೆ ಹಾಕಿಕೊಳ್ಳುವ ಇನ್ಸುಲಿನ್ನನ್ನೇ ಬೆಳಗ್ಗೆ ಸಂಜೆ ಎರಡೇ ಎರಡು ಗೆರೆಯಷ್ಟು ಚುಚ್ಚುವುದು. ಹಾಲು ಬೆಲ್ಲ ಬಂದ್. ತಿಂದ ಮೇಲೆ ಮಾತ್ರ ಸೂಜಿ. ತಿನ್ನದಿದ್ದರೆ ಚುಚ್ಚಕೂಡದು, ಚುಚ್ಚಿದರೆ ಸಾಯುತ್ತದೆ. ಹೇಳುತ್ತಾ ಪಕ್ಕೆ ಸವರಿದರು. ಬೆಕ್ಕು ಕಿರುಚಿತು. ಅವರು ಮತ್ತೊಮ್ಮೆ ಸವರಿ, ತಲೆಯೆತ್ತಿ ತಮಿಳಿನಲ್ಲಿ ಕೇಳಿದರು: ಎಲುಬು ಮುರಿದಿದೆ, ಹೊಡೆದವರು ಯಾರು?

ಮಗಳು ಅವರ ಮುಖವನ್ನೇ ನೋಡುತ್ತಾ, "ಸೈಕಲ್ ಗುದ್ದಿತು ಸಾರ್" ಎಂದಳು. ಡಾಕ್ಟರು ಅವಳ ಊದಿದ ಮಣಿಕಟ್ಟನ್ನು ನೋಡಿದರು. ಇದು? "ಬಾವಿಕಟ್ಟೆ ಹತ್ತಿರ ಜಾರಿ ಬಿದ್ದೆ ಸಾರ್." ಒಂದು ಚೂರೂ ತಡವರಿಸಲಿಲ್ಲ. ಬಾಯಿಪಾಠ ಒಪ್ಪಿಸುವ ಮಗುವಿನ ಹಾಗೆ ಹೇಳಿದಳು. ಆಗ ನನಗೆ ಹೊಳೆಯಿತು: ಈ ಬಾಯಿಪಾಠವನ್ನು ಅವಳು ಶಾಲೆಯಲ್ಲಿ ಟೀಚರಿಗೆ ಎಷ್ಟು ಸಲ ಒಪ್ಪಿಸಿದ್ದಾಳೋ.

ಸೂಜಿ ಹಾಕುವವರು ಯಾರು? ಅತ್ತೆಯ ಕೈ ನಡುಗುತ್ತಿತ್ತು. ಅವರಿಗೂ ನಾನೇ ಹಾಕುತ್ತಿದ್ದೆ. ನಮ್ಮನೆಯವರು ಸೂಜಿ ಕಂಡರೆ ಬೆವರುತ್ತಿದ್ದರು. ಹಾಗಾಗಿ ಅದರ ಪಕ್ಕೆ ಮುರಿದ ಕೈಗೇ ಅದನ್ನು ಉಳಿಸುವ ಕೆಲಸವೂ ಬಿತ್ತು. ಮದ್ದಿನ ಸೀಸೆ ನೀರಿನ ಮಡಕೆಯ ಪಕ್ಕ ಒದ್ದೆ ಮರಳಿನಲ್ಲಿ ಇರುತ್ತಿತ್ತು. ಗಾಜಿನ ಸಿರಿಂಜನ್ನು ಕುದಿಸಿ, ಆರಿಸಿ, ಎರಡು ಗೆರೆ ಎಳೆದುಕೊಳ್ಳಬೇಕು. ನನ್ನ ಹೆಜ್ಜೆ ಸದ್ದು ಕೇಳಿದರೇ ಅದು ಮಗ್ಗದ ಕೆಳಗೆ ನುಗ್ಗುತ್ತಿತ್ತು. ಹಿಂಗಾಲು ಹಿಡಿದು ಎಳೆಯಬೇಕು, ಹಳೆ ಪಂಚೆಯಲ್ಲಿ ಸುತ್ತಬೇಕು, ಮೊಣಕಾಲಿನಡಿ ಅದುಮಬೇಕು. ಮೊದಲ ವಾರದಲ್ಲೇ ನನ್ನ ಹೆಬ್ಬೆರಳನ್ನು ಉಗುರಿನ ಮೇಲಿಂದ ಕೆಳಗಿನವರೆಗೆ ಕಚ್ಚಿ ತೂತು ಮಾಡಿತು. ಕೀವಾಯಿತು. ಮುಂಗೈ ತುಂಬ ಗೀರು. ಎರಡು ಸೂಜಿ ಮುರಿದವು, ಒಂದು ನನ್ನ ತೊಡೆಗೇ ಚುಚ್ಚಿಕೊಂಡಿತು. ಸೂಲೂರಿನ ವಾಯುಪಡೆ ನೆಲೆಯ ವಿಮಾನ ತಲೆ ಮೇಲೆ ಹೋದರಂತೂ ಮುಗಿಯಿತು, ಪಂಚೆ ಹರಿದುಕೊಂಡು ಅಟ್ಟಕ್ಕೆ ಹಾರುತ್ತಿತ್ತು. ನನಗೆ ಅದನ್ನು ನೆಲಕ್ಕೆ ಅಪ್ಪಳಿಸಬೇಕೆನಿಸುತ್ತಿತ್ತು. ಸುಳ್ಳೇಕೆ, ದಿನಾ ಅನಿಸುತ್ತಿತ್ತು. ಆದರೆ ಕೈಯಲ್ಲಿ ಗಾಜು ಇರುತ್ತಿತ್ತು.

ಆದರೂ ಬೆಕ್ಕು ಚೇತರಿಸಿಕೊಂಡಿತು. ಬೆನ್ನೆಲುಬು ಮುಚ್ಚಿತು. ನಳಿಗೆಯ ನೀರು ಹಸಿರಿಗೆ ಬಂದು ನಿಲ್ಲತೊಡಗಿತು. ಒಂದು ದಿನ ಅರ್ಧ ಸತ್ತ ಇಲಿಯೊಂದನ್ನು ತಂದು ಮಗಳ ಪುಸ್ತಕದ ಚೀಲದ ಮೇಲೆ ಹಾಕಿತು. ಅತ್ತೆ ಸಂತೋಷಕ್ಕೆ ಅತ್ತುಬಿಟ್ಟರು.

ಅದಾಗಿ ತಿಂಗಳೊಳಗೆ ನಾನು ಅದನ್ನು ಕೊಲ್ಲುವುದರಲ್ಲಿದ್ದೆ. ರಜೆಯ ದಿನ, ಬೆಳಗಿನ ಹೊತ್ತು. ಹಾಸು ನೂಲಿಗೆ, ಅಂದರೆ ಸೀರೆಯ ಉದ್ದದ ಎಳೆಗಳಿಗೆ, ಗಂಜಿ ಹಾಕುವ ದಿನ. ಬಿಸಿಲೇರುವ ಮೊದಲು ನೂಲನ್ನು ಬೀದಿಯಲ್ಲಿ ಹಿಡಿದೆಳೆದು ಮುಗಿಸಬೇಕು. ಬೆಕ್ಕು ಒಣಮೀನನ್ನು ಮೂಸಿ ಮುಖ ತಿರುಗಿಸಿತು. ಇನ್ನೊಂದು ಚೂರು ಹಾಕಿದೆ. ತಿರುಗಿಸಿತು. ಬಾಯಿ ತೆರೆದು ತುರುಕಿದೆ, ಉಗುಳಿತು, ನನ್ನ ಕೆನ್ನೆಗೆ ಉಗುರು ಹಾಕಿತು. ಹೊರಗಿಂದ ನಮ್ಮನೆಯವರು ಕರೆಯುತ್ತಿದ್ದರು, ಗಂಜಿ ಆರುತ್ತಿತ್ತು. ಮೈ ಉರಿಯಿತು. "ತಿನ್ನದಿದ್ರೆ ಸಾಯಿ" ಎಂದವಳೇ ಅದುಮಿ ಹಿಡಿದು ಎರಡೂ ಗೆರೆ ಚುಚ್ಚಿ ಎದ್ದುಹೋದೆ. ನನಗೆ ಡಾಕ್ಟರ ಮಾತು ಮರೆತಿರಲಿಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಆಮೇಲೆ ಎಲ್ಲರೂ, ನಾನೂ, ಮರೆವು ಎಂದೇ ಹೇಳಿದೆವು.

ಮಗಳ ಕೂಗು ಕೇಳಿ ಕೈಯಲ್ಲಿದ್ದ ಗಂಜಿಯ ಸಮೇತ ಓಡಿಬಂದೆ. ಬೆಕ್ಕು ನೆಲದ ಮೇಲೆ ಬಿಲ್ಲಿನಂತೆ ಬಾಗಿ ಒದ್ದಾಡುತ್ತಿತ್ತು. ನಾಲ್ಕೂ ಕಾಲು ಗಾಳಿಯಲ್ಲಿ ಬಡಿಯುತ್ತಿದ್ದವು. ತಲೆ ಮಗ್ಗದ ಕಂಬಕ್ಕೆ ಟಕ್ ಟಕ್ ಎಂದು ಹೊಡೆಯುತ್ತಿತ್ತು. ಬಾಯಲ್ಲಿ ನೊರೆ, ನಾಲಿಗೆ ಕಚ್ಚಿಕೊಂಡು ರಕ್ತ. ಮಗಳು ಕಂಬಕ್ಕೂ ತಲೆಗೂ ನಡುವೆ ತನ್ನ ಅಂಗೈ ಇಟ್ಟಿದ್ದಳು. ಅತ್ತೆ ಸೊಂಟದ ಎಲೆಯಡಿಕೆ ಚೀಲದಿಂದ ಮೈಯ ಸಕ್ಕರೆ ತೀರ ಇಳಿದರೆ ಬೇಕೆಂದು ತಮಗಾಗಿ ಇಟ್ಟುಕೊಂಡಿದ್ದ ಬೆಲ್ಲದ ಚೂರು ತೆಗೆದು, ನೀರಲ್ಲಿ ಕರಗಿಸಿ, ಅದರ ಒಸಡಿಗೆ ತಿಕ್ಕಿದರು. ಅದು ಅವರ ಬೆರಳನ್ನು ಎಲುಬಿನವರೆಗೆ ಕಚ್ಚಿತು. ಅವರು ಕೈ ತೆಗೆಯಲಿಲ್ಲ. ಬೆಲ್ಲ, ರಕ್ತ, ನೊರೆ ಒಂದಾಗಿ ನೆಲದ ಮೇಲೆ ಹರಿಯಿತು. ನಾನು ಗಂಜಿಯ ಕೈಯಲ್ಲಿ ಬಾಗಿಲಲ್ಲೇ ನಿಂತಿದ್ದೆ. ಬಹಳ ಹೊತ್ತಿನ ಮೇಲೆ ಬಡಿತ ನಿಂತು, ಬೆಕ್ಕು ಉಸಿರೆಳೆದು, ಅತ್ತೆಯ ಮಡಿಲಲ್ಲಿ ಉಚ್ಚೆ ಹೊಯ್ದುಕೊಂಡಿತು.

"ತಿಂದಿತ್ತೇನೇ?" ಎಂದರು ಅತ್ತೆ.

"ಮರೆತೆ" ಎಂದೆ.

ಮಗಳು ಎದ್ದು ಬಂದು ನನ್ನ ಮುಂದೆ ನಿಂತಳು. ಕಂಬಕ್ಕೆ ಬಡಿಸಿಕೊಂಡು ಅವಳ ಬೆರಳ ಗೆಣ್ಣುಗಳು ಸುಲಿದಿದ್ದವು. ಕೂಗಲಿಲ್ಲ, ಅಳಲಿಲ್ಲ. "ಇನ್ನೊಂದ್ಸಲ ಡಾಕ್ಟ್ರು ಕೇಳಿದ್ರೆ ನಾನು ಸೈಕಲ್ ಅಂತ ಹೇಳಲ್ಲಮ್ಮಾ."

ನನ್ನ ಕೈ ಮೇಲೆದ್ದಿತ್ತು. ಅವಳು ಕದಲಲಿಲ್ಲ, ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿ ಏಟಿಗೆ ಕಾದಳು. ಎತ್ತಿದ ಕೈ ಅವಳ ಮೇಲೆ ಬೀಳಲಿಲ್ಲ, ಅದರಿಂದ ಗಂಜಿ ಮೊಣಕೈಗೆ ಇಳಿಯುತ್ತಿತ್ತು. ಹೊರಗೆ ಹಾಸು ಒಣಗಿ ನೂಲು ನೂಲಿಗೆ ಅಂಟಿ ಹಾಳಾಯಿತು. ಅಂದು ಯಾರೂ ಅದರತ್ತ ಹೋಗಲಿಲ್ಲ.

ಮುಂದಿನ ಸಲ ದನದಾಸ್ಪತ್ರೆಗೆ ಹೋದಾಗ ಡಾಕ್ಟರು ಏನನ್ನೂ ಕೇಳಲಿಲ್ಲ. ನಾನೇ ಹೇಳಿದೆ: ಸೈಕಲ್ ಅಲ್ಲ, ನಾನೇ ಹೊಡೆದದ್ದು, ಇವಳ ಕೈಗೂ ನಾನೇ. ತಿನ್ನದ ಬೆಕ್ಕಿಗೆ ಸೂಜಿ ಹಾಕಿದ್ದು ಮರೆತು ಅಲ್ಲ, ಸಿಟ್ಟಿನಲ್ಲಿ ಎಂಬುದನ್ನೂ ಹೇಳಿಬಿಟ್ಟೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, "ಸರಿ, ಹಿಡ್ಕೊಳ್ಳಮ್ಮಾ" ಎಂದು ಬೆಕ್ಕನ್ನು ನನ್ನ ಕೈಗೇ ಕೊಟ್ಟರು. ಮಗಳು ಕಿಟಕಿಯ ಕಡೆ ನೋಡುತ್ತಿದ್ದಳು.

ಅಂದಿನಿಂದ ನಾನು ಕೈ ಎತ್ತಲೇ ಇಲ್ಲ ಎಂದರೆ ಅವಳು ಇಂದೂ ತಿದ್ದುತ್ತಾಳೆ. ಎರಡು ಸಲ ಎತ್ತಿದ್ದೇನೆ. ಯಾಕೆಂದು ನನಗೆ ನೆನಪಿಲ್ಲ, ಅವಳಿಗಿದೆ. ಆಮೇಲೆ ನಿಜವಾಗಿಯೂ ನಿಂತಿತು. ಬೆಕ್ಕು ಇನ್ನೂ ಒಂದೂವರೆ ವರ್ಷ ಬದುಕಿತು. ಕೊನೆಕೊನೆಗೆ ಪಂಚೆ ಬೇಕಾಗುತ್ತಿರಲಿಲ್ಲ. ಪಾತ್ರೆಯಲ್ಲಿ ಸಿರಿಂಜು ಕುದಿಯುವ ಸದ್ದಿಗೆ ತಾನೇ ಬಂದು ತಿಂದು, ಬೆನ್ನು ಕೊಟ್ಟು ಕೂರುತ್ತಿತ್ತು. ಆದರೆ ಸೂಜಿಯಿಲ್ಲದ ಕೈಯನ್ನು ಸವರಲು ಚಾಚಿದರೆ ಮಾತ್ರ ಕಿವಿ ಮಡಿಸಿ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ನನ್ನ ಸೂಜಿಯನ್ನು ಅದು ನಂಬಿತು, ಕೈಯನ್ನು ಕೊನೆಗೂ ನಂಬಲಿಲ್ಲ.

ಅದು ಸತ್ತ ಬೆಳಗ್ಗೆ ನಮ್ಮನೆಯವರು ಹಿತ್ತಿಲ ನುಗ್ಗೆಮರದ ಬುಡದಲ್ಲಿ ಗುಂಡಿ ತೋಡಿದರು. ಅತ್ತೆ ಒಂದು ಚೂರು ಬೆಲ್ಲ ಇಟ್ಟರು, ಇನ್ನು ತಿಂದರೆ ಏನೂ ಆಗುವುದಿಲ್ಲವೆಂದು. ಮಗಳಿಗೆ ಆಗ ಹನ್ನೊಂದು ತುಂಬಿತ್ತು. ಮಣ್ಣು ಎಳೆದ ಕೈಯಲ್ಲೇ ಕಣ್ಣೊರೆಸಿಕೊಂಡು ಕೆನ್ನೆಯೆಲ್ಲ ಕೆಸರು ಮಾಡಿಕೊಂಡಿದ್ದಳು. ಅದನ್ನು ಒರೆಸೋಣವೆಂದು ನಾನು ಕೈ ಎತ್ತಿದೆ.

ಅವಳು ಗಟ್ಟಿಯಾಗಿ ಕಣ್ಣು ಮುಚ್ಚಿದಳು.

ನಾನು ಕೈ ಇಳಿಸಿ ಸೆರಗಿನ ತುದಿಯನ್ನು ಅವಳ ಕೈಗೆ ಕೊಟ್ಟೆ. ಅವಳೇ ಒರೆಸಿಕೊಂಡಳು.