ಕೋಟೆಯ ಕಡಲಿಗೆ ಒಯ್ದ ಬುಟ್ಟಿ

ಮಕ್ಕಿಯಾ ಬುಟ್ಟಿ ಹೆಣೆಯುವವಳು. ಖರ್ಜೂರದ ಗರಿ ಕೈಗೆ ಸಿಕ್ಕರೆ ಸಾಕು, ಬಾಯಿ ಯಾರ ಜೊತೆ ಜಗಳವಾಡುತ್ತಿದ್ದರೂ ಬೆರಳುಗಳು ತಮ್ಮ ಪಾಡಿಗೆ ಓಡುತ್ತಿದ್ದವು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟಿದ್ದಾಳೆ. ನನಗೆ ಕೊಟ್ಟದ್ದು ಬರೆಯುವಂಥದ್ದಲ್ಲ.

ಹಜ್ ತಿಂಗಳು ಬಂದರೆ ಅವಳಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಯಾತ್ರಿಕರು ಮೆಕ್ಕಾಕ್ಕೆ ಹೊರಟರೆಂದರೆ ಬಹ್ರೇನಿನ ನಮ್ಮ ಮಕ್ಕಳು ಅಂಗೈಯಗಲದ ಬುಟ್ಟಿಯಲ್ಲಿ ಜವೆ ಬಿತ್ತುತ್ತಾರೆ, ಪೈರನ್ನು ಮುದ್ದಾಗಿ ಸಾಕುತ್ತಾರೆ, ಬಕ್ರೀದಿನ ಮುನ್ನಾದಿನ ಸಂಜೆ ಕಡಲಿಗೆ ಎಸೆಯುತ್ತಾರೆ. ಹೋದವರು ಸುಖವಾಗಿ ಮರಳಲಿ ಎಂದು. ಆ ವರ್ಷ ಮಕ್ಕಳ ಬುಟ್ಟಿಗಳನ್ನೆಲ್ಲ ಕೊಟ್ಟಾದ ಮೇಲೆ ಮಕ್ಕಿಯಾ ಇನ್ನೊಂದನ್ನು ಹೆಣೆದು, ಜವೆ ಬಿತ್ತಿ, ಯಾರ ಕಣ್ಣಿಗೂ ಬೀಳದಂತೆ ಹಿಂದಿನ ಕಿಟಕಿಗೆ ತೂಗುಹಾಕಿದಳು. ತಲೆ ನರೆತವಳು ಮಕ್ಕಳಾಟ ಆಡಿದರೆ ಊರು ನಗದೆ ಬಿಡುತ್ತದೆಯೇ?

ಆ ಬುಟ್ಟಿ ಹಜ್‌ಗೆ ಹೊರಟಿದ್ದ ಪಕ್ಕದ ಮನೆಯ ಶರೀಫಾಳಿಗಾಗಿ. ಇಬ್ಬರೂ ಒಂದೇ ಓರಗೆಯವರು, ಒಂದೇ ಗೋಡೆಯ ಆಚೆ ಈಚೆ ಬೆಳೆದವರು. ಹುಡುಗಿಯರಾಗಿದ್ದಾಗ ಕೈ ಕೈ ಹಿಡಿದು ಹಳೆ ಕೋಟೆಯ ಕಡಲಿಗೆ ಬುಟ್ಟಿ ಒಯ್ಯುತ್ತಿದ್ದರು. ಆಮೇಲೆ ಯಾವುದೋ ಮದುವೆಯ ಮದರಂಗಿಯ ದಿನ, ಹೆಂಗಸರೆಲ್ಲ ಕೂತಿದ್ದಾಗ, ಶರೀಫಾ ನಾಲಿಗೆ ಹರಿಬಿಟ್ಟಳು: “ಮಕ್ಕಿಯಾಗೇನು ಬಿಡ್ರೇ, ಬುಟ್ಟಿಗಳೇ ಮಕ್ಕಳು. ಹೆರೋ ನೋವೂ ಇಲ್ಲ, ಸಾಕೋ ಖರ್ಚೂ ಇಲ್ಲ.” ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಕ್ಕಿಯಾ ಎದ್ದು ಬಂದಳು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ವರ್ಷಗಟ್ಟಲೆ ಇಲ್ಲ.

ಹಜ್‌ಗೆ ಹೊರಡುವವರು ಮೊದಲು ಮನೆ ಮನೆಗೂ ಹೋಗಿ ಕ್ಷಮೆ ಕೇಳಬೇಕು. ಶರೀಫಾ ಕೊನೆಗೆ ಇವಳ ಬಾಗಿಲಿಗೂ ಬಂದಳು. ಒಂದು ಸಲ ತಟ್ಟಿದಳು. “ಮಕ್ಕಿಯಾ, ನಾಳೆ ಹೊರಟೆ. ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೊ.” ಮಕ್ಕಿಯಾ ಗರಿ ಕೆಳಗಿಟ್ಟು ಬಾಗಿಲಿನವರೆಗೂ ಬಂದು ನಿಂತಳು. ಇನ್ನೊಂದು ಸಲ ತಟ್ಟಲಿ, ಇಷ್ಟು ವರ್ಷ ಉರಿಸಿದ್ದಾಳೆ, ಇನ್ನೊಂದೇ ಸಲ ತಟ್ಟಲಿ, ತೆಗೆಯುತ್ತೇನೆ ಎಂದುಕೊಂಡಳು. ಚಪ್ಪಲಿಯ ಸದ್ದು ದೂರವಾಯಿತು. ಮರುದಿನ ಪಕ್ಕದ ಮನೆಗೆ ಬೀಗ ಬಿದ್ದಿತ್ತು.

ಅಂದಿನಿಂದ ಅವಳಿಗೆ ಊಟ ಸೇರಲಿಲ್ಲ. ಬೆಳಿಗ್ಗೆ ಪೈರಿಗೆ ನೀರು ಚಿಮುಕಿಸುತ್ತ, “ಇವತ್ತು ಮದೀನಾ ಮುಟ್ಟಿರ್ತಾಳೆ. ಮಂಡಿನೋವಿನವಳು, ಆ ಬಿಸಿಲಲ್ಲಿ ಹೆಂಗೆ ನಡೀತಾಳೋ” ಎಂದು ಅದರೊಡನೆಯೇ ಮಾತಾಡುತ್ತಿದ್ದಳು. ಗೋಡೆಯಾಚೆಯ ಪಾತ್ರೆ ಸದ್ದು ಕೇಳಿ ಬೈದುಕೊಳ್ಳುತ್ತಿದ್ದವಳಿಗೆ ಈಗ ಆ ಸದ್ದಿಲ್ಲದೆ ಮನೆ ತಿನ್ನಲು ಬರುತ್ತಿತ್ತು. ಅವಳು ಮರಳಿ ಬರಲಿ, ಬಂದ ದಿನವೇ ಬಾಗಿಲು ತೆಗೆದಿಟ್ಟು ಕಾಯುತ್ತೇನೆ. ಇದೊಂದೇ ಆಸೆ.

ಊರಿನ ಕಡಲಿಗೆ ಮಣ್ಣು ತುಂಬಿ ಬಂಗಲೆ ಕಟ್ಟಿದ್ದರು; ಬುಟ್ಟಿ ಎಸೆಯಲು ಉಳಿದದ್ದು ಕೋಟೆಯ ದಂಡೆಯೊಂದೇ. ಮಕ್ಕಿಯಾ ಬುಟ್ಟಿಯನ್ನು ಕರಿ ಅಬಾಯದ ಮೇಲುಡುಪಿನೊಳಗೆ ಮುಚ್ಚಿಕೊಂಡು ಸಂಜೆ ಅಲ್ಲಿಗೆ ಹೋದಳು. ಹಳೆ ಊರನ್ನು ಹುಡುಕಿ ಅಗೆದ ಗುಂಡಿಗಳೊಳಗೆ ಪ್ರವಾಸಕ್ಕೆ ಬಂದ ಪರದೇಶದವರು ಬಗ್ಗಿ, ಸಾವಿರಾರು ವರ್ಷದ ಹಿಂದಿನವರ ಅಡಿಗೆಮನೆಯ ಫೋಟೊ ತೆಗೆಯುತ್ತಿದ್ದರು. ದಂಡೆಯಲ್ಲಿ ಮಕ್ಕಳ ಗದ್ದಲ. ಗುಂಡಿಗಳ ಕಾವಲಿಗೆ ಇದ್ದವನು ಶರೀಫಾಳ ತಮ್ಮ ಮರ್ಹೂನ್.

“ಏನಕ್ಕಾ, ಬಟ್ಟೆಯೊಳಗೆ ಪೈರು ಬೆಳೆಸಿದ್ದೀಯ?”

“ನಿನ್ನ ಗಡ್ಡಕ್ಕಿಂತ ಚೆನ್ನಾಗೇ ಬಂದಿದೆ. ನೀನು ನಿನ್ನ ಗುಂಡಿ ಕಾಯಿ.”

“ಯಾರಿಗೆ, ಅದನ್ನಾದ್ರೂ ಹೇಳು.”

“ನಿನ್ನಕ್ಕನಿಗೆ ಕಣೋ. ಸುಖವಾಗಿ ಬರ್ಲಿ. ಬಂದ್ಮೇಲೆ ಬೈಯೋದು ಬೇಕಾದಷ್ಟಿದೆ.”

ಮರ್ಹೂನನ ನಗು ಅಲ್ಲೇ ನಿಂತಿತು.

“ಅವಳು ಹೋಗಿಲ್ಲ, ಅಕ್ಕಾ.”

“ಎಲ್ಲಿಗೆ?”

“ಎಲ್ಲಿಗೂ. ಬಸ್ಸು ಹತ್ತಿ ಕೂತಿದ್ದವಳು ಇಳಿದುಬಿಟ್ಟಳು. ಒಬ್ಬಳು ಬಾಗಿಲು ತೆಗೀಲಿಲ್ಲ, ಆ ಭಾರ ಹೊತ್ಕೊಂಡು ದೇವರ ಮನೆಗೆ ಯಾವ ಮುಖ ಇಟ್ಕೊಂಡು ಹೋಗ್ಲಿ ಅಂದಳು. ಊರಿಗೆ ಬರೋಕೂ ನಾಚಿಕೆ. ಹೋದವರು ಬರೋ ತನಕ ನಿಮ್ಮನೇಲಿ ನನ್ನ ಬಚ್ಚಿಟ್ಕೊ, ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದಾಳೆ.”

“ಮತ್ತೆ ಈಗ ಯಾಕೆ ಬಾಯಿ ಬಿಟ್ಟೆ?”

“ಈ ಪೈರು ನೋಡಿ ತಡೆಯೋಕಾಗ್ಲಿಲ್ಲ.”

ಮಕ್ಕಿಯಾ ಬುಟ್ಟಿಯ ಪೈರು ನೋಡಿದಳು. ಜೀವಮಾನವೆಲ್ಲ ಕಾದು ಸಿಕ್ಕ ಯಾತ್ರೆ ಅದು. ಇನ್ನೊಂದು ಸಲ ತಟ್ಟಲಿ ಎಂಬ ಹಟಕ್ಕೆ ತಾನು ಅದನ್ನು ಕಸಿದುಕೊಂಡಿದ್ದಳು. ಮದೀನಾ, ಮೆಕ್ಕಾ ಎಂದು ತಾನು ಪೈರಿಗೆ ಹೇಳುತ್ತಿದ್ದಾಗೆಲ್ಲ ಶರೀಫಾ ಇದೇ ಕೋಟೆಯ ಹಿಂದೆ, ತಮ್ಮನ ಮನೆಯಲ್ಲಿ ಕದ ಹಾಕಿಕೊಂಡು, ಒಬ್ಬಳೇ ಕೂತಿದ್ದಳು. ಮಕ್ಕಿಯಾಳಿಗೆ ಅಳು ಬಂತು. ಪರದೇಶದ ಹೆಂಗಸೊಬ್ಬಳು ನೋಡುತ್ತಿದ್ದಾಳೆಂದು ಮುಖ ಮುಚ್ಚಿಕೊಂಡಳು.

ದಂಡೆಯ ಮಕ್ಕಳು ಕೂಗುತ್ತ ಬುಟ್ಟಿಗಳನ್ನು ಎಸೆದರು. ಮಕ್ಕಿಯಾ ಎಸೆಯಲಿಲ್ಲ. ಮರ್ಹೂನ್ ಬೆರಳು ತೋರಿಸಿದ ಕಡೆ, ಕೋಟೆಯ ಗೋಡೆ ಬಳಸಿಕೊಂಡು, ತೋಟದ ದಾರಿ ಹಿಡಿದು ನಡೆದಳು. ಅವನ ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು.

ಅವಳು ಬಾಗಿಲು ತಟ್ಟಿದಳು. “ಶರೀಫಾ, ನಾನು ಕಣೇ. ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೊ.”

ಒಳಗೆ ಹೆಜ್ಜೆ ಸದ್ದಾಯಿತು. ಮಂಡಿನೋವಿನ ಎಳೆದ ಹೆಜ್ಜೆ. ಅದು ಬಾಗಿಲಿನವರೆಗೂ ಬಂತು, ಅಲ್ಲೇ ನಿಂತಿತು. ಕದ ತೆರೆಯಲಿಲ್ಲ.

ಮಕ್ಕಿಯಾ ಬುಟ್ಟಿಯನ್ನು ಎಡಗೈಗೆ ಬದಲಾಯಿಸಿಕೊಂಡು ಇನ್ನೊಂದು ಸಲ ತಟ್ಟಿದಳು.