ಸರದ ಕೆಳಗಿನ ಗಂಟು ಕಂಡವರು

ಅತ್ತೆಯ ಕೊರಳಿನ ಗಂಟನ್ನು ಮೊದಲು ಕಂಡವಳು ನಾನಲ್ಲ, ಶಿವಮ್ಮ. ನೀವು. ನಾಲ್ಕು ವರ್ಷ ಕಂಡುಹಿಡಿದವಳೆಂಬ ಹೆಸರನ್ನು ನಾನೇ ಇಟ್ಟುಕೊಂಡೆ. ಮರೆವಿನಿಂದಲ್ಲ, ಸಂಕೋಚದಿಂದಲೂ ಅಲ್ಲ — ಬೇಕೆಂದೇ ಇಟ್ಟುಕೊಂಡೆ.

ನನ್ನ ಜಂಬ ನಿಮಗೆ ಗೊತ್ತಿರುವುದೇ. ಕನ್ನಡ ಶಾಲೆಯಲ್ಲಿ ಓದಿ ಡಾಕ್ಟರಾದವಳು, ಮಕ್ತಲ್‌ನಲ್ಲಿ ಸ್ಕ್ಯಾನಿಂಗ್ ಕೋಣೆ ತೆರೆದವಳು, ಹೈದರಾಬಾದಿನವರೂ ನನ್ನ ರಿಪೋರ್ಟನ್ನು ಮರುಮಾತಿಲ್ಲದೆ ಒಪ್ಪುತ್ತಾರೆ — ಇದನ್ನೆಲ್ಲ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದಿದ್ದೇನೆ. ನನ್ನ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಇವತ್ತೂ ಎದೆ ತಟ್ಟಿ ಹೇಳುತ್ತೇನೆ. ಆದರೆ ಆ ದಿನ —

ನಾರಾಯಣಪೇಟೆಯ ಅರ್ಚಕರ ಮನೆಯ ಹಿರಿಯ ಮುತ್ತೈದೆ ನನ್ನ ಸೋದರತ್ತೆ. ತಾಯಿಯಿಲ್ಲದ ನನಗೆ ಎಣ್ಣೆ ಹಚ್ಚಿ, ಜಡೆ ಹೆಣೆದು ಶಾಲೆಗೆ ಕಳಿಸಿದವಳು. ಥೈರಾಯಿಡ್ ಮಾತ್ರೆ ನುಂಗುತ್ತಿದ್ದಳು, ಒಮ್ಮೆ ನೋಡಿಬಿಡೋಣ ಎಂದು ನಾನೇ ಕರೆಸಿದ್ದೆ. ಕೊರಳ ಕುಳಿಗೆ ಅಂಟಿಕೊಂಡಂತೆ ಆಕೆಯ ತಾಳಿ, ಕರಿಮಣಿಯ ನಾಲ್ಕೆಳೆ ಸರ. ಬೇರೆ ಯಾರಾಗಿದ್ದರೂ ತೆಗೆಯಿರಿ ಎನ್ನುತ್ತಿದ್ದೆ, ದಿನಾ ಎನ್ನುತ್ತೇನೆ. ಆದರೆ ಅತ್ತೆಗೆ, ತಾಳಿ ತೆಗೆ ಎಂದು, ನಾನು — ನಾಲಿಗೆ ಏಳಲಿಲ್ಲ. ಸರದ ಆಚೆ ಈಚೆ ಸ್ಕ್ಯಾನ್ ಯಂತ್ರದ ಪ್ರೋಬ್ ಆಡಿಸಿದೆ. ಸರದ ಕೆಳಗನ್ನು ಬಿಟ್ಟೆ. ಎಲ್ಲ ಸರಿಯಿದೆ ಎಂದು ಬರೆದು ಸಹಿ ಹಾಕಿದೆ.

ನೀವು ನನ್ನ ಕೋಣೆಯ ಆಯಾ. ಬಂದವರನ್ನು ಮಲಗಿಸುವುದು, ಸ್ಕ್ಯಾನಿಗೆ ಹಚ್ಚಿದ ಜೆಲ್ ಒರೆಸುವುದು, ಕುಡಿಯಲು ನೀರು ಕೊಡುವುದು ನಿಮ್ಮ ಕೆಲಸ. ಹೊರಗೆ ಬೆಂಚಿನ ಮೇಲೆ ಕೂತ ಅತ್ತೆಗೆ ನೀರು ಕೊಟ್ಟು ಒಳಗೆ ಬಂದಿರಿ, ಬಾಗಿಲು ಮುಚ್ಚಿದಿರಿ.

"ಅಮ್ಮಾರ, ಸರದ ಬುಡಕ ನೋಡ್ಲಿಲ್ಲರಿ. ಅವರು ನೀರು ನುಂಗುವಾಗ ಅಲ್ಲೇನೋ ಮ್ಯಾಲ ಬಂದು ಇಳೀತೈತ್ರಿ."

"ಇಲ್ಲಿ ಡಾಕ್ಟರ್ ಯಾರು? ನಾನಾ, ನೀನಾ?" ಎಂದೆ. ನನಗಿಂತ ಹಿರಿಯರಾದ ನಿಮಗೆ ನೀನು ಎಂದೆ.

ನೀವು ಅಂಗಡಿಗೆ ಹೋಗಿ ಒಂದು ಅರಿಸಿನ ಕೊಂಬು, ಒಂದು ಎಳೆ ದಾರ ತಂದು ಮೇಜಿನ ಮೇಲಿಟ್ಟಿರಿ. ತಾಳಿ ತೆಗೆದಾಗ ಮುತ್ತೈದೆಯ ಕೊರಳು ಬರಿದಾಗಬಾರದೆಂದು ನಮ್ಮಲ್ಲಿ ಕಟ್ಟಿಕೊಳ್ಳುವುದು ಅದನ್ನೇ. ಗಂಡನನ್ನು ಕಳೆದುಕೊಂಡವರು ನೀವು. "ಗಂಟು ನೀವೇ ಹಾಕ್ರಿ. ನನ್ನ ಕೈ ಬ್ಯಾಡ" ಎಂದು ಗೋಡೆಗೆ ಸರಿದು ನಿಂತಿರಿ. ಅಷ್ಟು ಓದಿದ ನನಗೆ ಹೊಳೆಯದ ದಾರಿ ಅದು.

ಅತ್ತೆಯನ್ನು ಮತ್ತೆ ಒಳಗೆ ಕರೆದೆ. ದಾರ ಕಂಡದ್ದೇ ತಾಳಿ ತೆಗೆಯಲು ಒಪ್ಪಿದಳು. ನಾನು ಗಂಟು ಹಾಕಿದೆ, ಆಕೆ ಸರ ತೆಗೆದಳು. ಪರದೆಯ ಮೇಲೆ ಶೇಂಗಾ ಬೀಜದಷ್ಟು ಕಪ್ಪು ಗಂಟು, ಸೊಟ್ಟಪಟ್ಟ ಅಂಚು, ಒಳಗೆ ಸಣ್ಣ ಬಿಳಿ ಚುಕ್ಕೆಗಳು — ಕೆಟ್ಟ ಗಂಟಿನ ಗುರುತುಗಳೇ.

"ಮತ್ತ ಯಾಕ ಕರದೀಯವ್ವ?" ಎಂದಳು ಅತ್ತೆ.

"ನನಗ್ಯಾಕೋ ಅನುಮಾನ ಬಂತು, ಅತ್ತಿ."

ನಿಮ್ಮ ಎದುರಿಗೇ ಹೇಳಿದೆ. ಜೆಲ್ ಒರೆಸುತ್ತಿದ್ದ ನಿಮ್ಮ ಕೈ ಒಂದು ಗಳಿಗೆ ನಿಂತಿತು, ಮತ್ತೆ ಒರೆಸಿತು.

ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂತು. ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಬೇಗ ಸಿಕ್ಕಿದ್ದರಿಂದ ಎಲ್ಲಿಗೂ ಹಬ್ಬಿರಲಿಲ್ಲ. ಅತ್ತೆ ಇವತ್ತಿಗೂ ಮಡಿಯಲ್ಲಿ ಅಡಿಗೆ ಮಾಡಿ, ಮನೆಮಂದಿಯನ್ನೆಲ್ಲ ಗದರಿಸಿಕೊಂಡು ಗಟ್ಟಿಯಾಗಿದ್ದಾಳೆ. ನಾರಾಯಣಪೇಟೆ ತುಂಬ ನನ್ನ ಹೆಸರಾಯಿತು. ಗದ್ವಾಲದಲ್ಲಿ ಸನ್ಮಾನ ಸಭೆ ಮಾಡಿ ಶಾಲು ಹೊದಿಸಿದರು. ನನ್ನ ಅನುಮಾನದ ಕತೆಯನ್ನು ನಾನೇ ಬಣ್ಣ ಕಟ್ಟಿ ಹೇಳಿದೆ. ನೀವು ಕೊನೆಯ ಸಾಲಿನಲ್ಲಿ ಕೂತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದಿರಿ. ಅದನ್ನು ನೋಡಿಯೂ ನಾನು ಮಾತು ನಿಲ್ಲಿಸಲಿಲ್ಲ.

ಈಗಲೂ ನೀವು ನೀರು ಕೊಟ್ಟು, ಬಂದವರ ಕೊರಳನ್ನೇ ನೋಡುತ್ತೀರಿ. ನಾನು ನಿಮ್ಮ ಮುಖ ನೋಡಿ ಪ್ರೋಬ್ ಎತ್ತಿಕೊಳ್ಳುತ್ತೇನೆ. ಇಂಥ ಕಣ್ಣು ನನ್ನ ಕೋಣೆಯಲ್ಲಿದೆ ಎಂದು ನನಗೆಷ್ಟು ಹೆಮ್ಮೆ ಗೊತ್ತೇ, ಶಿವಮ್ಮ? ಯಂತ್ರದ ಮೇಲೂ ಅಷ್ಟು ಹೆಮ್ಮೆಯಿಲ್ಲ. ಒಬ್ಬರ ಮುಂದೆಯೂ ಹೇಳಲಿಲ್ಲ. ಹೇಳಿದರೆ ನಾನು ಸಣ್ಣವಳಾಗುತ್ತೇನೆಂದು — ಬೇರೆ ಕಾರಣವೇನೂ ಇಲ್ಲ. ಮುಂದಿನ ತಿಂಗಳು ಗದ್ವಾಲದವರು ಮತ್ತೆ ಮಾತಾಡಲು ಕರೆದಿದ್ದಾರೆ. ಅದೇ ಜನರ ಮುಂದೆ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಅದಕ್ಕೂ ಮೊದಲು ಒಬ್ಬಳಿಗೆ ಹೇಳಬೇಕಿತ್ತು. ಹೋದ ಭಾನುವಾರ ನಾರಾಯಣಪೇಟೆಗೆ ಹೋದೆ. ಅತ್ತೆ ಹೂಬತ್ತಿ ಹೊಸೆಯುತ್ತಿದ್ದಳು. ಎಲ್ಲವನ್ನೂ ಹೇಳಿದೆ, ನೋಡದೆ ಸಹಿ ಹಾಕಿದ್ದನ್ನೂ. ಆಕೆ ಕೈಯಲ್ಲಿದ್ದ ಬತ್ತಿಯನ್ನು ಹೊಸೆದು ಮುಗಿಸಿ ತಟ್ಟೆಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

"ದಿನಾ ದೇವರ ಮುಂದ ನಿನ್ನ ಹೆಸರು ತಗೊಂಡು ಕೈ ಮುಗೀತಿದ್ದೆ" ಎಂದಳು. "ಹಂಗಾರ ಯಾರ ಹೆಸರು ತಗೋಬೇಕಿತ್ತು? ಹೇಳು."

ನಿಮ್ಮ ಹೆಸರು ಹೇಳಿದೆ. ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಎಂದಳು. ಗಟ್ಟಿಯಾಗಿ ಹೇಳಿದೆ.